ಡಬ್ಬಿ ಮ್ಯಾಲಿನ ನಂಬರ್

1/9
ಈ ಸಲ ಫೋಟೊದಾಗ ಮೀನಿಲ್ಲ. ಒಂದು 10 ಲೀಟರ್ ಬಕೆಟ್, ಒಂದು ಪೈಪು, ಪಕ್ಕದಾಗ ಸ್ಟಾಪ್‌ವಾಚ್ ಹಚ್ಚಿಟ್ಟ ಮೊಬೈಲ್, ಅಷ್ಟ.

ಮೀನಿನ ಫೋಟೊ ಹಾಕಿದಾಗೆಲ್ಲ ನೀವು ಕೇಳೂದು ಒಂದ ಪ್ರಶ್ನೆ: "ಮೋಟರ್ ಯಾವುದು ಹಾಕೀರಿ?" ಒಂದು ಸಾಲಿನಾಗ ಉತ್ತರ ಬರೆದು ಮುಗಿಸಬಹುದಿತ್ತು. ಆದ್ರ ಆ ಮೋಟರ್ ಆರಿಸೂದ್ರಾಗ ನಾನು ಒಂದು ಮೀನು ಮತ್ತು ಅರ್ಧ ಚೀಲ ಜೋಳ ಕಳಕೊಂಡೆ. ಅಪ್ಪನ ಕೈಯಾಗ ನನ್ನ ಒಂದು ಸುಳ್ಳೂ ಸಿಕ್ಕಿಬಿತ್ತು. ಅದಕ್ಕ ಈ ವಾರ ಪೂರ್ತಿ ಕಥಿ ಹೇಳ್ತೀನಿ, ಒಂಬತ್ತು ಪೋಸ್ಟ್ ಆಗ್ತಾವ. ಟ್ಯಾಂಕ್ ಇಡೋರಿಗೆ ಲೆಕ್ಕ ಸಿಗತದ, ಉಳಿದವರಿಗೆ ನಮ್ಮ ಮನಿ ಜಗಳ ಸಿಗತದ.

ಹೊಸದಾಗಿ ಬಂದವರಿಗೆ: ನಾನು ಹುನ್ನೂರಿನವ, ವಯಸ್ಸು ಇಪ್ಪತ್ತು, ಜಮಖಂಡಿಯೊಳಗ ಬಿ.ಕಾಂ. ಓದಾಕತ್ತೀನಿ. ಶನಿವಾರ, ಆಯ್ತವಾರ ಒಂದು ಹಾರ್ಡ್‌ವೇರ್ ಅಂಗಡಿಯೊಳಗ ಟ್ಯಾಲಿ ಎಂಟ್ರಿ ಮಾಡ್ತೀನಿ. ಮನಿ ಸುತ್ತ ಕಬ್ಬು, ಹಿಂದ ಒಂದು ಬೋರು. ಸಮುದ್ರ ನಮ್ಮಿಂದ ಇನ್ನೂರು ಕಿಲೋಮೀಟರಿಗಿಂತ ದೂರ. ಅಂಥಾ ಊರಾಗ ಪಡಸಾಲಿಯೊಳಗ ಉಪ್ಪುನೀರಿನ ಟ್ಯಾಂಕ್ ಇಟ್ಟವ ನಾನು. ನಗಬಹುದು. ನಮ್ಮವ್ವ ಇನ್ನೂ ನಗ್ತಾಳ.

2/9
ಈ ಹುಚ್ಚು ಹತ್ತಿದ್ದು ಮುರುಡೇಶ್ವರದಾಗ. ಪಿಯುಸಿ ಮುಗಿದ ಮ್ಯಾಲ ಗೆಳೆಯರು ಕೂಡಿ ಹೋಗಿದ್ವಿ. ಅಲ್ಲಿಂದ ನೇತ್ರಾಣಿ ದ್ವೀಪಕ್ಕ ಬೋಟಿನಾಗ ಕರ್ಕೊಂಡು ಹೋಗಿ ಸ್ಕೂಬಾ ಮಾಡಿಸ್ತಾರ. ನನ್ನ ಕಡೆ ಅಷ್ಟು ರೊಕ್ಕ ಇರಲಿಲ್ಲ. ನೀರಿಗೆ ಇಳಿದ ಗೆಳೆಯ ತಂದ ವಿಡಿಯೊ ನೋಡಿದೆ. ಬಂಡೆ, ಹವಳ, ಅದರ ಸುತ್ತ ಬಣ್ಣ ಬಣ್ಣದ ಮೀನು. ವಾಪಸ್ ಬರುವಾಗ ಬಸ್ಸಿನಾಗ ಅದನ್ನ ಎಷ್ಟು ಸಲ ನೋಡಿದ್ನೋ, ಅವನ ಮೊಬೈಲ್ ಚಾರ್ಜ್ ಮುಗೀತು.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ಇಂಥ ಟ್ಯಾಂಕಿಗೆ "ರೀಫ್ ಟ್ಯಾಂಕ್" ಅಂತಾರ, ಅಂದ್ರ ಹವಳದ ದಂಡೆ. ಆದ್ರ ನನ್ನ ಟ್ಯಾಂಕಿನೊಳಗ ಜೀವಂತ ಹವಳ ಇಲ್ಲ. ನಮ್ಮ ದೇಶದಾಗ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಾಗ ಬರ್ತಾವ, ಹುಲಿ ಇರೂದೂ ಅದರಾಗ. ಯಾರರ ತಂದು ಕೊಡ್ತೀನಿ ಅಂದ್ರೂ ಬ್ಯಾಡ ಅನ್ರಿ. ನನ್ನ ಕಲ್ಲು ಕೈಲೆ ಮಾಡಿದ್ದು. ಮೀನು ಎರಡು ಕ್ಲೌನ್, ಕಿತ್ತಳೆ ಮೈ ಮ್ಯಾಲ ಬಿಳೇ ಪಟ್ಟಿ, ಹ್ಯಾಚರಿಯೊಳಗ ಹುಟ್ಟಿದವು. ಕ್ಲೌನ್ ಮೀನನ್ನ ಸಮುದ್ರದಿಂದ ಹಿಡೀದ ಮರಿ ಮಾಡಿಸೂ ವಿದ್ಯೆ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಕಡೆ ಐತಿ.

ಟ್ಯಾಂಕಿನ ಅಳತಿ: 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ಅಂಚಿನ ತನಕ ತುಂಬಂಗಿಲ್ಲ, ಹಂಗಾಗಿ ಸುಮಾರು 85 ಲೀಟರ್. ಕೆಳಗ ಸ್ಟ್ಯಾಂಡಿನೊಳಗ ಇನ್ನೊಂದು ಸಣ್ಣ ಗಾಜಿನ ಡಬ್ಬಿ, ಅದಕ್ಕ ಸಂಪ್ ಅಂತಾರ, ಅದರಾಗ 35 ಲೀಟರ್. ಒಟ್ಟು 120 ಲೀಟರ್. ಸಮುದ್ರದ ನೀರಿನಾಗ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದ್ರ ಮೊದಲ ದಿನ 4 ಕಿಲೋ 200 ಗ್ರಾಂ ಉಪ್ಪು ಕಲಿಸಿದೆ. ಅಡಿಗಿ ಉಪ್ಪಲ್ಲ, ಟ್ಯಾಂಕಿಗಂತ ಬ್ಯಾರೇನ ಮಾಡಿದ ಉಪ್ಪು ಬರ್ತದ.

ನೀರು ಮ್ಯಾಲಿನ ಟ್ಯಾಂಕಿನಿಂದ ತಾನ ಕೆಳಗ ಸಂಪಿಗೆ ಇಳೀತದ. ಅಲ್ಲಿ ಸೋಸಿ, ಹೊಲಸು ತೆಗೆದು, ಮತ್ತ ಮ್ಯಾಲ ಏರಿಸಬೇಕು. ಏರಿಸೂ ಕೆಲಸ ಪಂಪಿನದು. ಹಗಲೂ ರಾತ್ರಿ, 24 ತಾಸು.

3/9
ಮೊದಲನೇ ಪಂಪು ಹೆಂಗ ಆರಿಸಿದೆ ಗೊತ್ತೇನ್ರಿ? ಡಬ್ಬಿ ನೋಡಿ.

ಡಬ್ಬಿ ಮ್ಯಾಲ ಎರಡು ನಂಬರ್ ದೊಡ್ಡದಾಗಿ ಬರೆದಿದ್ರು. ತಾಸಿಗೆ 1200 ಲೀಟರ್. ಹೆಡ್ 1.5 ಮೀಟರ್. ನನ್ನ ಲೆಕ್ಕ ಹಿಂಗಿತ್ತು: ಟ್ಯಾಂಕಿನ ನೀರು ತಾಸಿಗೆ ಐದರಿಂದ ಹತ್ತು ಸಲ ಸಂಪಿನ ಮೂಲಕ ತಿರುಗಬೇಕು ಅಂತಾರ. 85 ಲೀಟರಿಗೆ ಎಂಟು ಸಲ ಅಂದ್ರ 680. ಈ ಪಂಪು 1200 ಕೊಡ್ತದ, ಎರಡು ಪಟ್ಟಿನ ಹತ್ತಿರ. ಎತ್ತರ ಬೇಕಾಗಿದ್ದು ಒಂದು ಮೀಟರ್ ಚಿಲ್ಲರ, ಇದು ಒಂದೂವರೆ ಎತ್ತತದ. ಬೆಲಿ 850 ರೂಪಾಯಿ. ಇದಕ್ಕಿಂತ ಚಲೋ ಏನು ಬೇಕು? ತಗೊಂಡೆ.

ಮನಿಗೆ ತಂದಾಗ ಅಪ್ಪ ಕೇಳಿದ್ರು, "ಎಲ್ಲಾ ಕೂಡಿ ಎಷ್ಟಾತು ತಮ್ಮಾ?"

"ಎರಡು ಸಾವಿರ ಅಪ್ಪಾ."

ಖರೇ ಆಗಿದ್ದು 11,400. ಸ್ಕಾಲರ್‌ಶಿಪ್ ರೊಕ್ಕ, ಅಂಗಡಿ ಪಗಾರ, ಎಲ್ಲಾ ಕೂಡಿಸಿ ಹಾಕಿದ್ದೆ. ನನ್ನ ರೊಕ್ಕ, ನಾ ಏನರ ಮಾಡ್ತೀನಿ ಅಂತ ಮನಸ್ಸಿನ್ಯಾಗ ಸಮಾಧಾನ ಮಾಡ್ಕೊಂಡೆ. ಆದ್ರ ನನ್ನ ರೊಕ್ಕ ಆಗಿದ್ರ ಸುಳ್ಳು ಯಾಕ ಹೇಳಬೇಕಿತ್ತು? ಆ ಪ್ರಶ್ನೆ ಅವತ್ತ ಬಂದಿತ್ತು. ಲೈಟ್ ಹಚ್ಚಿ ನೋಡ್ಕೋತ ಕುಂತೆ, ಮರತೆ.

ಅದ ತಿಂಗಳು ನಮ್ಮ ಬೋರಿನ ಮೋಟರ್ ಸುಟ್ಟಿತು. ರಿವೈಂಡಿಂಗ್‌ಗೆ ಅಪ್ಪ ಕಾಕಾನ ಕಡೆ ಆರು ಸಾವಿರ ಕೈಗಡ ತಗೊಂಡ್ರು. ಅವರು ರೊಕ್ಕ ಎಣಿಸಿ ಕಿಸೆದಾಗ ಇಟ್ಕೊಳ್ಳೂ ಮುಂದ ನಾ ಟ್ಯಾಂಕಿನ ಗಾಜು ಒರಸಾಕತ್ತಿದ್ದೆ.

4/9
ಏಪ್ರಿಲ್ ತಿಂಗಳ ಒಂದು ರಾತ್ರಿ ಕರೆಂಟ್ ಹೋತು. ಸೆಕೆ ಅಂತ ಎಲ್ಲಾರೂ ಮಾಳಗಿ ಮ್ಯಾಲ ಮಲಗಿದ್ವಿ. ಕರೆಂಟ್ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹೊಳ್ಳಿ ಬಂದಿದ್ದು ಬೆಳಗಿನ ಜಾವ.

ಅವ್ವ ಕೆಳಗ ಇಳದು ಬಾಗಲಾ ತಗದು ಕೂಗಿದ್ಲು. ಪಡಸಾಲಿಯ ಫರಸಿ ಮ್ಯಾಲ ನೀರು. ಸ್ಟ್ಯಾಂಡಿನ ಪಕ್ಕ ಮಾಲದಂಡಿ ಜೋಳದ ಚೀಲ ಒರಗಿಸಿಟ್ಟಿದ್ದು, ಅದರ ಕೆಳಗಿನ ಅರ್ಧ ಪೂರ್ತಿ ತೊಯ್ದಿತ್ತು. ಉಪ್ಪುನೀರು ಕುಡಿದ ಜೋಳ ಒಣಗಿಸಿದ್ರೂ ಬರಂಗಿಲ್ಲ.

ಟ್ಯಾಂಕಿನೊಳಗ ಒಂದು ಮೀನು ಮೂಲ್ಯಾಗ ಜೋರಾಗಿ ಉಸಿರಾಡಾಕತ್ತಿತ್ತು. ಇನ್ನೊಂದು ಕೆಳಗ ಮರಳ ಮ್ಯಾಲ ಬಿದ್ದಿತ್ತು. ಬಿಸಿ ನೀರಿನಾಗ ಆಮ್ಲಜನಕ ಮೊದಲ ಕಡಿಮಿ ಕರಗತದ. ಅದರ ಮ್ಯಾಲ ನೀರು ನಾಕೈದು ತಾಸು ಅಲುಗಾಡಲಿಲ್ಲಂದ್ರ ಸಣ್ಣ ಟ್ಯಾಂಕ್ ತಡಿಯಂಗಿಲ್ಲ.

ಕರೆಂಟ್ ಬಂದಿತ್ತು, ಆದ್ರ ಪಂಪು ಗುಂಯ್ ಅಂತಿತ್ತು, ತಿರುಗತಿದ್ದಿಲ್ಲ. ಒಳಗಿನ ಚಕ್ರದ ಸುತ್ತ ಸುಣ್ಣದಂಥ ಬಿಳೇ ಪದರ ಕಟ್ಟಿ ಬಿಗಿ ಆಗಿತ್ತು. ಓಡುವಾಗ ಹೆಂಗೋ ಓಡ್ತಿತ್ತು. ಒಮ್ಮೆ ನಿಂತ ಮ್ಯಾಲ ಎದ್ದು ನಿಲ್ಲಾಕ ಅದಕ್ಕ ಬಲ ಇರಲಿಲ್ಲ.

ಅಪ್ಪ ಬೈತಾರ ಅನ್ಕೊಂಡಿದ್ದೆ. ಅವರು ಚೀಲ ಎತ್ತಿ ಅಂಗಳಕ್ಕ ಒಯ್ದು ಸುರುವಿದ್ರು, ಕೈ ಒರಸ್ಕೊಂಡು ಬಂದು ಸ್ಟ್ಯಾಂಡಿನ ಮುಂದ ಕುಕ್ಕರಗಾಲಿಲೆ ಕುಂತ್ರು. ಬಹಳ ಹೊತ್ತು ನೋಡಿದ್ರು.

"ಇದಕ್ಕ ಹೆಡ್ ಎಷ್ಟೈತಿ?"

ಅವ್ವ ಒಳಗಿಂದ ಅಂದ್ಲು, "ಇನ್ನ ರೊಟ್ಟಿಗೆ ಉಪ್ಪು ಹಾಕೂದ ಬ್ಯಾಡ ಬಿಡು."

5/9
ನೀರು ಎತ್ತೂದು ನಮ್ಮ ಕಡೆ ಯಾರೂ ಪುಸ್ತಕ ಓದಿ ಕಲಿತಿಲ್ಲ. ಕೃಷ್ಣಾ ನದಿ ಪಕ್ಕದಾಗ ಇದ್ರೂ ಬ್ಯಾಸಿಗಿಯೊಳಗ ನೀರು ನಿಲ್ಲತಿದ್ದಿಲ್ಲ. 1989ರಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ರೈತರು ತಾವ ರೊಕ್ಕ ಕೂಡಿಸಿ, ತಾವ ದುಡಿದು ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ರು. ಶ್ರಮಬಿಂದು ಸಾಗರ ಅಂತ ಅದಕ್ಕ ಹೆಸರು. ನಮ್ಮ ಮುತ್ಯಾನೂ ಕಲ್ಲು ಹೊತ್ತಾನ, ಅಪ್ಪ ಆಗ ಸಣ್ಣವರು. ನೀರು ನಿಂತ ಮ್ಯಾಲ ದಂಡಿಗುಂಟ ಮೋಟರ್ ಕುಂತವು, ಪೈಪ್‌ಲೈನ್ ಊರೊಳಗ ಬಂದವು. ಹಂಗಾಗಿ ನಮ್ಮಲ್ಲಿ ಹತ್ತನೇತ್ತ ಫೇಲಾದವನೂ ಹೆಡ್ ಅಂದ್ರ ಏನಂತ ಹೇಳ್ತಾನ. ನಾ ಮಾತ್ರ ಡಬ್ಬಿ ಓದಿ ತಂದಿದ್ದೆ.

ಅಪ್ಪ ಹೇಳಿದ್ದು ಇಷ್ಟ: "ಆ ಎರಡು ನಂಬರ್ ಒಂದ ಟೈಮಿಗೆ ಖರೇ ಇರಂಗಿಲ್ಲ."

ನಾ ತಿಳ್ಕೊಂಡಿದ್ದನ್ನ ಬಿಡಿಸಿ ಹೇಳ್ತೀನಿ. 1200 ಲೀಟರ್ ಅಂದ್ರ ಪಂಪು ಒಂದು ಇಂಚೂ ಮ್ಯಾಲ ಎತ್ತದ, ಪೈಪು ಇಲ್ಲದ, ನೀರೊಳಗ ಸುಮ್ಮನ ತಿರುಗಿದಾಗಿನ ಲೆಕ್ಕ. 1.5 ಮೀಟರ್ ಅಂದ್ರ ನೀರು ಅಲ್ಲಿ ತನಕ ಏರಿ ನಿಂತುಬಿಡೂ ಎತ್ತರ. ಅಲ್ಲಿ ಒಂದು ಹನಿನೂ ಹೊರಗ ಬರಂಗಿಲ್ಲ. ನಮಗ ಬೇಕಾಗಿದ್ದು ಇವೆರಡರ ನಡುವಿನದು, ಅದನ್ನ ಡಬ್ಬಿ ಮ್ಯಾಲ ಬರದಿರಂಗಿಲ್ಲ.

ಅಪ್ಪ ಟೇಪ್ ತಂದ್ರು. ಸಂಪಿನ ನೀರಿನ ಮಟ್ಟದಿಂದ ಮ್ಯಾಲಿನ ಟ್ಯಾಂಕಿನ ನೀರಿನ ಮಟ್ಟದ ತನಕ 1 ಮೀಟರ್ 10 ಸೆಂಟಿಮೀಟರ್. ಅದರ ಮ್ಯಾಲ ನಾ ಹಾಕಿದ ನಾಕು ಎಲ್ಬೋ, ಸಣ್ಣ ಪೈಪು. ಪ್ರತಿ ಮುರಿವಿಗೂ ನೀರು ತಿಕ್ಕಾಡ್ತದ, ಅದೂ ಎತ್ತರದ ಲೆಕ್ಕಕ್ಕ ಸೇರತದ.

ಪಂಪಿನ ಸುಣ್ಣ ತೊಳೆದು ಮತ್ತ ಹಚ್ಚಿದ್ವಿ. ಮ್ಯಾಲಿನ ಪೈಪು ತಿರುವಿ ಬಕೆಟ್ಟಿಗೆ ಬಿಟ್ಟೆ, ಕೆಳಗ ಸಂಪಿಗೆ ಅವ್ವ ನೀರು ಹಾಕ್ಕೋತ ಹೋದ್ಲು, ಮಟ್ಟ ಇಳಿಬಾರದು ಅಂತ. 10 ಲೀಟರ್ ತುಂಬಾಕ 2 ನಿಮಿಷ 24 ಸೆಕೆಂಡ್. ಅಂದ್ರ ತಾಸಿಗೆ 250 ಲೀಟರ್. ಡಬ್ಬಿ ಹೇಳಿದ್ದು 1200.

ಡಬ್ಬಿಯವ ಸುಳ್ಳು ಹೇಳಿರಲಿಲ್ಲ. ನಾ ಓದೂದು ತಪ್ಪಿದ್ದೆ. ಈಗ ಯಾವ ಪಂಪು ನೋಡಿದ್ರೂ ಮೊದಲ ಗ್ರಾಫ್ ಹುಡುಕ್ತೀನಿ, ಯಾವ ಎತ್ತರಕ್ಕ ಎಷ್ಟು ನೀರು ಅನ್ನೂ ಗೆರಿ. ಗ್ರಾಫ್ ಇಲ್ಲಂದ್ರ ನನ್ನ ಲೆಕ್ಕ ಸರಳ: ಡಬ್ಬಿ ಮ್ಯಾಲಿನ ಹೆಡ್ಡು ನನಗ ಬೇಕಾದ ಎತ್ತರಕ್ಕಿಂತ ಎರಡು ಪಟ್ಟರ ಇರಬೇಕು.

6/9
ಇಲ್ಲಿ ಒಂದು ಗೊಂದಲ ಬಿಡಿಸ್ತೀನಿ. ಇಂಥ ಟ್ಯಾಂಕಿನ್ಯಾಗ ಪಂಪಿಗೆ ಒಂದ ಕೆಲಸ ಇರಂಗಿಲ್ಲ, ಮೂರು ಇರ್ತಾವ. ನೀರು ಮ್ಯಾಲ ಎತ್ತೂದು ಒಂದು. ಟ್ಯಾಂಕಿನ ಒಳಗ ಅಲೆ ಎಬ್ಬಿಸೂದು ಒಂದು. ಸ್ಕಿಮ್ಮರ್ ಓಡಿಸೂದು ಇನ್ನೊಂದು. ಒಂದರ ಪಂಪು ಇನ್ನೊಂದಕ್ಕ ಬರಂಗಿಲ್ಲ.

ಸ್ಕಿಮ್ಮರ್ ಅಂದ್ರೇನು ಅಂತ ಅಪ್ಪನಿಗೆ ಹೇಳಾಕ ನನಗ ಐದು ನಿಮಿಷ ಹತ್ತಿತು. ಆಮ್ಯಾಲ ಅವರ ಒಂದು ಮಾತಿನಾಗ ಹೇಳಿದ್ರು, "ಬೆಲ್ಲದ ಗಾಣ ಅನ್ನು."

ಖರೇನ. ಮಹಾಲಿಂಗಪುರದ ಕಡೆ ಗಾಣ ನೋಡಿದವರಿಗೆ ಗೊತ್ತು. ಕೊಪ್ಪರಿಗಿಯೊಳಗ ಕಬ್ಬಿನ ಹಾಲು ಕಾಯುವಾಗ ಬೆಂಡಿ ಗಿಡದ ಲೋಳಿ ಹಾಕ್ತಾರ. ಹೊಲಸೆಲ್ಲ ಅದಕ್ಕ ಹತ್ತಿ ನೊರಿಯಾಗಿ ಮ್ಯಾಲ ಬರ್ತದ. ಜಾಳಗಿಲೆ ತಗದು ಒಗೀತಾರ. ಸ್ಕಿಮ್ಮರಿನ್ಯಾಗ ಲೋಳಿ ಇಲ್ಲ, ಗಾಳಿ ಐತಿ. ಮೀನಿನ ಹೊಲಸು, ಉಳಿದ ಆಹಾರ ಕೊಳೆಯೂ ಮೊದಲ ಅದರಾಗಿನ ಜಿಡ್ಡಿನಂಥ ಪದಾರ್ಥ ಗಾಳಿಗುಳ್ಳಿಯ ಮೈಗೆ ಅಂಟ್ಕೊಂಡು ಮ್ಯಾಲ ಏರತದ, ಮ್ಯಾಲಿನ ಕಪ್ಪಿನಾಗ ಬೀಳತದ. ಚಾದ ಬಣ್ಣದ ನಾರೂ ನೀರು. ವಾಸನಿ ಹೇಳಬ್ಯಾಡ್ರಿ.

ಗುಳ್ಳಿ ಎಷ್ಟು ಸಣ್ಣದೋ ಅಷ್ಟು ಅಂಟಾಕ ಜಾಗ ಹೆಚ್ಚು. ಉಪ್ಪುನೀರಿನಾಗ ಗುಳ್ಳಿ ಸಿಹಿನೀರಿಗಿಂತ ಸಣ್ಣವಾಗ್ತಾವ, ಅದಕ್ಕ ಸ್ಕಿಮ್ಮರ್ ಇಲ್ಲಿ ಚಲೋ ನಡೀತದ. ಹಂಗಾಗಿ ಸ್ಕಿಮ್ಮರ್ ಪಂಪು ಆರಿಸುವಾಗ ಎತ್ತರದ ಪ್ರಶ್ನೆನ ಇಲ್ಲ. ಅದು ನೀರಿಗಿಂತ ಹೆಚ್ಚು ಗಾಳಿಯನ್ನ ನುಣ್ಣಗ ಕಡಿಬೇಕು. ಅದರ ಚಕ್ರಕ್ಕ ರೆಕ್ಕಿ ಇರಂಗಿಲ್ಲ, ಬ್ರಶ್ಶಿನಂಗ ಸಣ್ಣ ಸಣ್ಣ ಮುಳ್ಳು ಇರ್ತಾವ. ನೀಡಲ್ ವೀಲ್ ಅಂತಾರ.

ನಾ ಶಾಣ್ಯಾತನ ಮಾಡಿ, ಸ್ಕಿಮ್ಮರ್ ಪಂಪು ಸಪ್ಪಳ ಮಾಡ್ತೈತಂತ ಅದರ ಜಾಗಕ್ಕ ಒಂದು ಸಾದಾ ಪಂಪು ಹಾಕಿ ನೋಡಿದ್ದೆ. ವಟಾಣಿ ಗಾತ್ರದ ಗುಳ್ಳಿ ಬಂದು ಪಟಪಟ ಒಡದು ಹೋದವು. ಎರಡು ವಾರ ಕಪ್ಪಿನ್ಯಾಗ ಒಂದು ಚಮಚ ಹೊಲಸೂ ಬರಲಿಲ್ಲ. ಸಪ್ಪಳಕ್ಕ ಕಾರಣ ಗಾಳಿ ಪೈಪಿನ ಬಾಯಾಗ ಕಟ್ಟಿದ ಉಪ್ಪು. ಬಿಸಿನೀರಿನಾಗ ಅದ್ದಿದ ಮ್ಯಾಲ ಸುಮ್ಮನಾತು. ಸ್ಕಿಮ್ಮರಿನ ಪಂಪು ಹೋದ್ರ ಅದ ಮಾಡೆಲ್ಲಿನದ ಹುಡುಕ್ರಿ. ಪಂಪು ತಗೊಳ್ಳೂ ಮೊದಲ ಚಕ್ರ ಬಿಡಿಯಾಗಿ ಸಿಗತದೇನು ಅಂತ ಅಂಗಡಿಯೊಳಗ ಕೇಳ್ರಿ.

7/9
ಈಗ ಜೋಳ ತೊಯ್ದ ಲೆಕ್ಕ.

ಪಂಪು ನಿಂತ ಕೂಡಲೆ ಏರಿಸೂ ಪೈಪಿನೊಳಗಿನಿಂದ ನೀರು ಹೊಳ್ಳಿ ಕೆಳಗ ಇಳೀತದ, ಸೈಫನ್. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗೈತೋ ಅಲ್ಲಿ ತನಕ ಟ್ಯಾಂಕ್ ಖಾಲಿ ಆಗ್ತದ. ನನ್ನ ಟ್ಯಾಂಕಿನ್ಯಾಗ 60 ಗುಣಿಸು 40, ಒಂದು ಸೆಂಟಿಮೀಟರ್ ಆಳಕ್ಕ 2.4 ಲೀಟರ್. ಪೈಪಿನ ಬಾಯಿ 8 ಸೆಂಟಿಮೀಟರ್ ಕೆಳಗಿತ್ತು. 19 ಲೀಟರ್ ಹತ್ತಿರ ಇಳೀತು. ಸಂಪಿನ್ಯಾಗ ಖಾಲಿ ಜಾಗ ಇದ್ದಿದ್ದು 10 ಲೀಟರ್. ಉಳಿದ 9 ಲೀಟರ್ ಜೋಳಕ್ಕ.

ಇದು ಎಂಟನೇತ್ತಿನ ಲೆಕ್ಕ. ಟ್ಯಾಂಕ್ ಇಡೂ ಮೊದಲ ಮಾಡಿದ್ರ ಮುಗೀತಿತ್ತು.

"ವಾಲ್ವ್ ಹಾಕಿದ್ನೆಲ್ಲ ಅಪ್ಪಾ, ನೀರು ಹೊಳ್ಳಿ ಬರಬಾರದು ಅಂತ."

"ಫುಟ್‌ವಾಲಿನ್ಯಾಗ ಒಂದು ಕಡ್ಡಿ ಸಿಕ್ರ ಸಾಕು, ಇಡೀ ಲೈನ್ ಖಾಲಿ. ವಾಲ್ ನಂಬಿ ಮಲಗಬಾರದು."

ತಗದು ನೋಡಿದ್ರ ವಾಲ್ವಿನ ಬಾಯಾಗ ಮರಳಿನ ಎರಡು ಹರಳು.

ಈಗ ಪೈಪಿನ ಬಾಯಿ ನೀರಿಗಿಂತ 2 ಸೆಂಟಿಮೀಟರ್ ಮಾತ್ರ ಕೆಳಗೈತಿ. ಕರೆಂಟ್ ಹೋದ್ರ ಇಳಿಯೂದು 4.8 ಲೀಟರ್, ಜಾಗ 10 ಲೀಟರ್. ವಾಲ್ವ್ ತಗದು ಒಗದೆ. ವಾರಕ್ಕೊಮ್ಮೆ ನಾನ ಸ್ವಿಚ್ ಆಫ್ ಮಾಡಿ, ನೀರು ಎಲ್ಲಿ ನಿಲ್ತದ ನೋಡಿ, ಮತ್ತ ಆನ್ ಮಾಡ್ತೀನಿ. ಪಂಪು ತಾನ ಎದ್ದೇಳಬೇಕು. ಏಳಲಿಲ್ಲಂದ್ರ ಅವತ್ತ ಬಿಚ್ಚಿ ವಿನೆಗರ್ ನೀರಿನಾಗ ನೆನಸೂದು. ಪಂಪು ಆರಿಸುವಾಗ ಇದೂ ನೋಡ್ರಿ: ಕೈಲೆ ಬಿಚ್ಚಾಕ ಬರ್ತದೇನು?

ಇನ್ನ ಉಸಿರಿನ ಲೆಕ್ಕ. ಕರೆಂಟ್ ಹೋದಾಗ ನೀರು ಎತ್ತೂ ಪಂಪನ್ನ ಬ್ಯಾಟರಿ ಮ್ಯಾಲ ಓಡಿಸೂದು ದುಬಾರಿ. ಮೀನಿಗೆ ಬೇಕಾಗಿದ್ದು ನೀರಿನ ಮ್ಯಾಲ್ಮೈ ಅಲುಗಾಡೂದು ಅಷ್ಟ. ಅದಕ್ಕ ಅಲೆ ಎಬ್ಬಿಸೂ 12 ವೋಲ್ಟಿನ ಸಣ್ಣ ಪಂಪು ಸಾಕು, ನನ್ನದು 5 ವ್ಯಾಟ್. ಆರು ತಾಸಿಗೆ 30 ವ್ಯಾಟ್-ಅವರ್. ಔಷಧ ಹೊಡಿಯೂ ಬ್ಯಾಟರಿ ಪಂಪಿನ್ಯಾಗ ಇರೂ 12 ವೋಲ್ಟ್, 8 ಆಂಪಿಯರ್ ಬ್ಯಾಟರಿಯೊಳಗ 96 ಇರ್ತದ. ಅರ್ಧ ಅಷ್ಟ ಬಳಸಿದ್ರೂ ರಾತ್ರಿ ಕಳೀತದ. ಅಪ್ಪ ನಮ್ಮ ಸ್ಪ್ರೇಯರಿನದನ್ನ ಕಿತ್ತು ಕೊಡಾಕ ಬಂದ್ರು. ನಾ ಬ್ಯಾಡ ಅಂದೆ. ಅದಕ್ಕ ಕೀಟನಾಶಕ ಹತ್ತಿರತದ, ಕೈಗೆ ಹತ್ತಿದ್ದು ನೀರಿಗೆ ಹೋದ್ರೂ ಮುಗೀತು. ಅದ ನಮೂನಿದು ಹೊಸಾದು ತಂದೆ.

8/9
ಹೊಸ ಪಂಪು ಬಂದಿದ್ದು ಮೂರು ತಿಂಗಳಾದ ಮ್ಯಾಲ. ಯಾಕಂತ ಕಡೀ ಪೋಸ್ಟಿನ್ಯಾಗ ಹೇಳ್ತೀನಿ. ಅಲ್ಲಿ ತನಕ ಸಂಪ್ ಬಂದ್ ಮಾಡಿ, ಗಾಳಿ ಕಲ್ಲು ಹಾಕಿ, ವಾರಕ್ಕೆರಡು ಸಲ ನೀರು ಬದಲಿಸಿ ಉಳಿದ ಒಂದು ಮೀನನ್ನ ಉಳಿಸಿದೆ.

ಆ ಟೈಮಿನಾಗ ಖರ್ಚಿನ ಲೆಕ್ಕ ಕುಂತು ಮಾಡಿದೆ. ಕಾಲೇಜಿನಾಗ ಕಾಸ್ಟ್ ಅಕೌಂಟಿಂಗ್ ಕಲಿಸ್ತಾರಲ್ರಿ, ತಗೊಳ್ಳೂ ಖರ್ಚು ಬ್ಯಾರೆ, ನಡೆಸೂ ಖರ್ಚು ಬ್ಯಾರೆ ಅಂತ. ಪರೀಕ್ಷಾದಾಗ ಬರದಿದ್ದೆ, ಅಂಗಡಿಯೊಳಗ ಮರತಿದ್ದೆ.

ಹಳೇ ಪಂಪು 30 ವ್ಯಾಟ್, ತಿಂಗಳಿಗೆ 21.6 ಯುನಿಟ್. ಹೊಸಾದು ಡಿಸಿ ಪಂಪು, 20 ವ್ಯಾಟ್, 14.4 ಯುನಿಟ್. ವರ್ಷಕ್ಕ ಸುಮಾರು 88 ಯುನಿಟ್ ಫರಕ. ಗೃಹಜ್ಯೋತಿ ಐತಿ, ಕರೆಂಟ್ ಫ್ರೀ ಅಂತೀರಿ. ಫ್ರೀ ಇರೂದು ನಿಮ್ಮ ಮನಿಯ ಹಿಂದಿನ ಸರಾಸರಿ ಮ್ಯಾಲ ಒಂದೀಟು ಕೂಡಿಸಿ, ಅದೂ 200 ಯುನಿಟ್ಟಿನ ಒಳಗ. ಪಂಪು, ಸ್ಕಿಮ್ಮರ್, ಲೈಟ್ ಸೇರಿದ್ರ ಆ ಗೆರಿ ದಾಟೂದು ಬಹಳ ಸಲೀಸು. ಅಪ್ಪನಿಗೆ ಹಿಂಗ ಹೇಳಿದೆ: ನಮ್ಮ ಬೋರಿನ 5 ಎಚ್‌ಪಿ ಮೋಟರ್ ಒಂದು ತಾಸು ಓಡೂ ಕರೆಂಟಿನಾಗ ಇದು ಒಂದು ವಾರದ ಮ್ಯಾಲ ಓಡತದ. ಅವರಿಗೆ ಪಟ್ ಅಂತ ತಿಳೀತು.

ವ್ಯಾಟಿಗೆ ಇನ್ನೊಂದು ಮುಖ ಐತಿ. ನೀರೊಳಗ ಮುಳುಗಿದ ಪಂಪು ತಿನ್ನೂ ಕರೆಂಟು ಕಡೀಕ ಶಾಖ ಆಗಿ ನೀರಿಗ ಸೇರತದ. ನಮ್ಮ ಕಡೆ ಬ್ಯಾಸಿಗಿ 40 ಡಿಗ್ರಿ. ಈ ಮೀನಿಗೆ 25ರಿಂದ 27 ಹಿತ. 10 ವ್ಯಾಟ್ ಕಡಿಮಿ ಅಂದ್ರ ಅಷ್ಟು ಒಲಿ ಆರಿಸಿದಂಗ.

ಹೊಸಾದರ ಡಬ್ಬಿ ಮ್ಯಾಲ: ತಾಸಿಗೆ 2000 ಲೀಟರ್, ಹೆಡ್ 2.5 ಮೀಟರ್. ಬೆಲಿ 2,600. ಎಲ್ಬೋ ನಾಕರ ಬದ್ಲಿ ಎರಡು ಮಾಡಿದೆ, ಪೈಪು ಒಂದು ಸೈಜ್ ದೊಡ್ಡದು ಮಾಡಿದೆ. ಬಕೆಟ್ ಇಟ್ಟೆ, 10 ಲೀಟರಿಗೆ 40 ಸೆಕೆಂಡ್. ತಾಸಿಗೆ 900. ಅಷ್ಟು ಬ್ಯಾಡ ಅಂತ ಕಂಟ್ರೋಲರಿನಾಗ ಇಳಿಸಿ 50 ಸೆಕೆಂಡಿಗೆ ತಂದೆ, 720. ಇದ ಈ ಫೋಟೊ.

ಪೈಪು ಜೋಡಿಸುವಾಗ ಅಪ್ಪ ತಮ್ಮ ಡಬ್ಬಿಯೊಳಗಿಂದ ಹಿತ್ತಾಳಿ ನಿಪ್ಪಲ್ ತಗದು ಕೊಟ್ರು, "ಪ್ಲಾಸ್ಟಿಕ್ ಎಷ್ಟ ದಿನ ಬರತದ?" ಅಂತ. ಹಿತ್ತಾಳಿಯೊಳಗ ತಾಮ್ರ ಇರತದ. ಉಪ್ಪುನೀರಿಗೆ ತಾಮ್ರ ಬಿಟ್ಕೊಂಡ್ರ ಸಿಗಡಿ, ಬಸವನಹುಳ, ಹವಳ ಎಲ್ಲಾ ಸಾಯ್ತಾವ. ಕಬ್ಬಿಣ ಜಂಗ ಹಿಡಿತದ. ಪಂಪಿನ ಒಳಗಿನ ಕಡ್ಡಿನೂ ಸಿರಾಮಿಕ್ ಇರಬೇಕು ಅಂದೆ. ಅಪ್ಪ ನಿಪ್ಪಲ್ ಹೊಳ್ಳಿ ಡಬ್ಬಿಗೆ ಒಗದು ಅಂದ್ರು, "ಅಂದ್ರ ನಿನಗೂ ಒಂದೀಟು ಗೊತ್ತೈತಿ."

9/9
ಮೂರು ತಿಂಗಳು ಯಾಕ ತಡ ಆತು?

ಜೋಳ ತೊಯ್ದ ಮರುದಿನ ಅಪ್ಪ ಕೇಳಿದ್ರು, "ಎರಡು ಸಾವಿರದಾಗ ಇಷ್ಟೆಲ್ಲಾ ಬರ್ತದೇನು?" ಹೊಲದ ಮೋಟರ್ ತರೂ ಮನಷ್ಯಾಗ ಸಾಮಾನಿನ ಬೆಲಿ ಗೊತ್ತಾಗೂದಿಲ್ಲ ಅಂತ ನಾ ಹೆಂಗ ತಿಳಕೊಂಡಿದ್ನೋ.

ಅವತ್ತು ರಾತ್ರಿ ನೋಟ್‌ಬುಕ್ಕಿನ ಹಿಂದಿನ ಹಾಳಿಯೊಳಗ ಬರದು ಕೊಟ್ಟೆ. ಟ್ಯಾಂಕ್, ಸ್ಟ್ಯಾಂಡ್ 4,200. ಸ್ಕಿಮ್ಮರ್ 1,900. ಪಂಪು 850. ಉಪ್ಪು, ಉಪ್ಪಳಿಯೂ ಗಾಜು 1,450. ಲೈಟ್ 1,300. ಮೀನು ಎರಡು 900. ಕಲ್ಲು, ಮರಳು 800. ಒಟ್ಟು 11,400.

ಅಪ್ಪ ಕನ್ನಡಕ ಹಾಕ್ಕೊಂಡು ಒಂದೊಂದ ಸಾಲಿನ ಮ್ಯಾಲ ಬೆರಳು ಇಟ್ಟು ಓದಿದ್ರು. ಕೂಡಿಸಿ ನೋಡಿದ್ರು. ಆಮ್ಯಾಲ ಅಂದ್ರು:

"ಲೆಕ್ಕ ಕಲಿಯಾಕ ಜಮಖಂಡಿಗೆ ಕಳಿಸಿದ್ರ, ಲೆಕ್ಕ ಮುಚ್ಚಿಡೂದು ಕಲ್ತು ಬಂದೀಯೇನು?"

ಹೊಡದಿದ್ರ ಚಲೋ ಇತ್ತು. ಕಾಕಾನ ಆರು ಸಾವಿರದ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಎತ್ತದ ಇದ್ದದ್ದಕ್ಕ ನನಗ ನಿದ್ದಿ ಬರಲಿಲ್ಲ.

ಮುಂದಿನ ಮೂರು ತಿಂಗಳ ಅಂಗಡಿ ಪಗಾರ ತಂದು ಕಾಕಾಗ ಕೊಟ್ಟೆ, ಎರಡು ಸಾವಿರದಂಗ. ಕಾಕಾ ಬ್ಯಾಡ ಬ್ಯಾಡ ಅಂದ. ಅಪ್ಪ ಮಾತ್ರ ಬ್ಯಾಡ ಅನ್ನಲಿಲ್ಲ. ಅದು ನನಗ ಸಮಾಧಾನ ಆತು. ಆಮ್ಯಾಲಿನ ಪಗಾರದಾಗ ಹೊಸ ಪಂಪು ಬಂತು. ಬಿಲ್ಲು ಅಪ್ಪನ ಕೈಯಾಗ ಇಟ್ಟೆ.

ನಿಮ್ಮ ಪ್ರಶ್ನೆಗೆ ಈಗ ಉತ್ತರ. ಪಂಪು ತಗೊಳ್ಳೂ ಮೊದಲ ಆರು ಕೇಳ್ರಿ. ಕೆಲಸ ಯಾವುದು, ನೀರು ಎತ್ತೂದೋ, ಗಾಳಿ ಕಡಿಯೂದೋ? ನನ್ನ ಎತ್ತರಕ್ಕ ಖರೇ ಎಷ್ಟು ನೀರು ಬರ್ತದ? ಎಷ್ಟು ವ್ಯಾಟ್ ತಿಂತದ? ಉಪ್ಪುನೀರಿಗೆ ತಡೀತದೇನು? ನಿಂತ ಮ್ಯಾಲ ತಾನ ಏಳತದೇನು? ನಿಂತಾಗ ನೀರು ಎಲ್ಲಿಗ ಹೋಗತದ? ಬ್ರ್ಯಾಂಡಿನ ಹೆಸರು ಇದರ ನಂತರದ್ದು.

ಹೋದ ವಾರ ಅಪ್ಪ ಬೋರಿಗೆ ಹೊಸ ಮೋಟರ್ ನೋಡಾಕ ಹೋಗಿ ಕ್ಯಾಟಲಾಗ್ ತಂದ್ರು. ಅಂಗಡಿಯವರು ಏಳೂವರೆ ಎಚ್‌ಪಿ ಹಾಕ್ರಿ ಅಂದಾರಂತ. ಊಟ ಆದ ಮ್ಯಾಲ ಕ್ಯಾಟಲಾಗ್ ನನ್ನ ಮುಂದ ಇಟ್ಟು, ಗ್ರಾಫಿನ ಮ್ಯಾಲ ಬೆರಳು ಇಟ್ರು.

"ಈ ಗೆರಿ ಓದಿ ಹೇಳು. ನಮ್ಮ ಬೋರಿನ್ಯಾಗ ನೀರು ಎಷ್ಟು ಆಳಕ್ಕೈತಿ ನಾ ಹೇಳ್ತೀನಿ."

ಇಬ್ಬರೂ ಕುಂತು ಲೆಕ್ಕ ಹಾಕಿದ್ವಿ. ಹಳೇ ಸೈಜ್, 5 ಎಚ್‌ಪಿನ ಸಾಕಾಗತದ, ಸ್ಟೇಜ್ ಸರಿ ಆರಿಸಿದ್ರ. ಅವ್ವ ಪಕ್ಕದಾಗ ಜೋಳ ಹಸನ ಮಾಡಾಕತ್ತಿದ್ಲು. ಚೀಲ ಈಗ ಕಟ್ಟಿ ಮ್ಯಾಲ ಇಡ್ತಾಳ.

ಮೀನು ಆರಾಮೈತಿ. ಜೋಡಿ ಇನ್ನೂ ತಂದಿಲ್ಲ. ಈ ಬ್ಯಾಸಿಗಿ ದಾಟಲಿ, ಆಮ್ಯಾಲ ನೋಡೂಣು. ಮುಂದಿನ ವಾರ ಸಿಗೋಣ್ರಿ.

#ಹುನ್ನೂರ #ಜಮಖಂಡಿ #ಉಪ್ಪುನೀರಿನ_ಟ್ಯಾಂಕ್ #ಬಕೆಟ್_ಲೆಕ್ಕ